ಫ್ಯಾಮಿಲಿ ಫೋಟೋಗೆ ಬಟ್ಟೆ: ಅಜ್ಜಿಯ ಸೀರೆಯಿಂದ ಶುರು ಮಾಡಿ

ಮೂರು ವರ್ಷದ ಹಿಂದೆ ನಮ್ಮ ಮನೆಯ ಒಂಬತ್ತೂ ಜನ ಬಾಟಲ್ ಗ್ರೀನ್ ಬಟ್ಟೆ ಹಾಕಿಕೊಂಡು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಫೋಟೋ ತೆಗೆಸಿಕೊಂಡೆವು. ಎಲ್ಲರದೂ ಒಂದೇ ಬಣ್ಣ ಇರಲಿ ಅಂದಿದ್ದು ನಾನೇ. ಆಲ್ಬಂ ಬಂತು. ಗಿಡಗಳ ಮೇಲೆ ಒಂಬತ್ತು ತಲೆಗಳು ತೇಲುತ್ತಿದ್ದವು, ಅಷ್ಟೇ. ದೊಡ್ಡಪ್ಪ ಈಗಲೂ ಅದನ್ನು ತೋರಿಸಿ ‘ಮೈ ಎಲ್ಲಿಟ್ಟಿದೀಯ ಮಾರಾಯ್ತಿ’ ಅಂತ ಕೇಳುತ್ತಾರೆ.

ಮೊದಲು ಜಾಗ ಮತ್ತು ತಿಂಗಳು

ಬಟ್ಟೆ ಅಂಗಡಿಗೆ ಹೋಗುವ ಮುಂಚೆ ಎಲ್ಲಿ, ಯಾವಾಗ ಅನ್ನುವುದು ಗೊತ್ತಿರಲಿ. ಕಾಫಿ ತೋಟ ಅಂದರೆ ಸುತ್ತಲೂ ಹಸಿರು. ಮರದ ಎಲೆ ದಾಟಿ ಬರುವ ಬೆಳಕು ಮುಖಕ್ಕೂ ಸ್ವಲ್ಪ ಹಸಿರು ಬಳಿಯುತ್ತದೆ. ಅದಕ್ಕೇ ಹಾಲುಗೆನೆ, ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಈರುಳ್ಳಿ ಸಿಪ್ಪೆ ಬಣ್ಣ ಅಲ್ಲಿ ಒಪ್ಪುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಗಿಡದಲ್ಲೇ ಹಣ್ಣಿನ ಕೆಂಪು ಇರುತ್ತದೆ, ಆಗ ಒಬ್ಬರ ಮೈಮೇಲೆ ಕೆಂಪು ಇದ್ದರೆ ಸಾಕು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟವೆಲ್ಲ ಬಿಳಿಯಾದಾಗ ಬಿಳಿ ಬಟ್ಟೆ ಬೇಡವೇ ಬೇಡ. ನಮ್ಮ ಬಾಟಲ್ ಗ್ರೀನ್ ಕಥೆಯೇ ಮತ್ತೆ.

ಬೇಲೂರು, ಹಳೇಬೀಡಿನ ಲೆಕ್ಕ ಬೇರೆ. ಅಲ್ಲಿಯ ಬಳಪದ ಕಲ್ಲು ಬೂದು ಬಣ್ಣದ್ದು, ಗೇಣು ಜಾಗ ಬಿಡದೆ ಕೆತ್ತನೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಂದಿನಿಂದ ಗೋಡೆ ತುಂಬಾ ಅಷ್ಟೊಂದು ಡಿಸೈನ್ ಇರುವಾಗ ನಿಮ್ಮ ಕುರ್ತಾದ ಮೇಲೂ ಬೇಕಾ? ಪ್ಲೇನ್ ಬಟ್ಟೆ ಹಾಕಿ. ಬಣ್ಣ ಮಾತ್ರ ಗಾಢವಾಗಿರಲಿ, ಕುಂಕುಮ ಕೆಂಪೋ ಆನಂದ ನೀಲಿಯೋ. ಚಪ್ಪಲಿ ಹೊರಗೇ ಬಿಡಬೇಕು. ಹಾಗಾಗಿ ಡ್ರೆಸ್‌ಗೆ ಮ್ಯಾಚಿಂಗ್ ಶೂಗೆ ದುಡ್ಡು ಸುರಿಯಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಾಗ ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲ, ಬೆಳಿಗ್ಗೆಯೇ ಹೋಗಿ.

ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ. ಮೇಲೆ ಹತ್ತಿದವರಿಗೆ ಗಾಳಿ ಗೊತ್ತು. ಅಲ್ಲಿ ಜಾರ್ಜೆಟ್ ದುಪಟ್ಟಾ ಪಕ್ಕದವರ ಮುಖದ ಮೇಲೇ ಹೋಗಿ ಕೂರುತ್ತದೆ. ಸ್ವಲ್ಪ ಭಾರದ ಹತ್ತಿ ಸೀರೆ ಉಟ್ಟು, ನೆರಿಗೆ, ಸೆರಗಿಗೆ ಪಿನ್ ಹಾಕಿ. ಇನ್ನು ಸ್ವೆಟರ್. ಇದನ್ನು ಎಲ್ಲರೂ ಮರೆಯುತ್ತಾರೆ. ತಿಂಗಳುಗಟ್ಟಲೆ ಯೋಚಿಸಿ ತಂದ ಬಟ್ಟೆಯ ಮೇಲೆ ಡಿಸೆಂಬರ್ ಚಳಿಗೆ ಹಳೇ ನೇರಳೆ ಸ್ವೆಟರ್ ಬಂದರೆ ಫೋಟೋದಲ್ಲಿ ಉಳಿಯುವುದು ಅದೇ. ಸ್ವೆಟರ್, ಶಾಲನ್ನೂ ಬಟ್ಟೆಯ ಜೊತೆಗೇ ಆರಿಸಿ.

ಆಮೇಲೆ ಅಜ್ಜಿ

ಮನೆಯಲ್ಲಿ ಯಾರು ಹೇಳಿದ ಮಾತು ಕೇಳುವುದಿಲ್ಲವೋ ಅವರ ಬಟ್ಟೆಯಿಂದ ಶುರು ಮಾಡಿ. ನಮ್ಮಲ್ಲಿ ಅದು ಅಜ್ಜಿ. ಅವರ ಸೀರೆಯನ್ನು ಹಾಸಿಗೆ ಮೇಲೆ ಹರಡಿ. ಒಡಲಿಗೆ ಒಂದು ಬಣ್ಣ, ಅಂಚಿಗೆ ಒಂದು, ಸೆರಗಿನ ಬುಟ್ಟಾದಲ್ಲಿ ಇನ್ನೊಂದು ಸಿಗುತ್ತದೆ. ಆ ಮೂರನ್ನೇ ಉಳಿದವರಿಗೆ ಹಂಚಿ. ಒಂದೇ ಬಣ್ಣದವರು ಅಕ್ಕಪಕ್ಕ ನಿಲ್ಲದಿದ್ದರೆ ಆಯಿತು. ಎಲ್ಲಕ್ಕಿಂತ ಹೊಳಪಿನ ಬಣ್ಣ ಒಬ್ಬರಿಗೇ ಸಾಕು, ಕಣ್ಣು ಮೊದಲು ಅಲ್ಲಿಗೇ ಹೋಗುವುದರಿಂದ ಅದನ್ನು ಮಗುವಿಗೆ ಕೊಡಿ.

ತೀರಾ ಸಣ್ಣ ಚೌಕುಳಿ, ಸಣ್ಣ ಗೆರೆಯ ಶರ್ಟ್ ಬೇಡ. ಕ್ಯಾಮೆರಾದಲ್ಲಿ ಅದು ಅಲೆಅಲೆಯಾಗಿ ಕುಣಿಯುತ್ತದೆ. ಪಳಪಳ ಹೊಳೆಯುವ ಗಿಳಿ ಹಸಿರು, ಗುಲಾಬಿ ಬಣ್ಣದ ಛಾಯೆ ಗದ್ದದ ಕೆಳಗೆ ಬೀಳುತ್ತದೆ. ಎದೆ ಮೇಲೆ ದೊಡ್ಡ ಅಕ್ಷರದ ಟೀ ಶರ್ಟ್ ಇದ್ದರೆ ನೋಡುವವರು ಮುಖ ಬಿಟ್ಟು ಅದನ್ನೇ ಓದುತ್ತಾರೆ. ಜರಿಗೆ ನಾನು ಬೇಡ ಅನ್ನುವುದಿಲ್ಲ, ಸಂಜೆ ಬೆಳಕಿಗೆ ಅದು ಚೆಂದ. ಫ್ಲಾಷ್ ಬಿದ್ದರೆ ಮಾತ್ರ ಬಿಳಿ ಪಟ್ಟಿಯಾಗುತ್ತದೆ.

ಮಕ್ಕಳ ಹೊಸ ಬಟ್ಟೆಯನ್ನು ಒಂದು ಸಲ ಒಗೆದು, ಅರ್ಧ ಗಂಟೆ ಹಾಕಿಸಿ ನೋಡಿ. ಕತ್ತು ಚುಚ್ಚುವ ಲೇಸ್ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಗಂಡಸರಿಗೆ ಒಂದೇ ಮಾತು: ಜೇಬಿನಿಂದ ಮೊಬೈಲ್, ಪರ್ಸ್ ತೆಗೆದಿಡಿ.

ಹಿಂದಿನ ದಿನದ ಪರೀಕ್ಷೆ

ಎಲ್ಲರ ಬಟ್ಟೆಯನ್ನು ನಿಲ್ಲುವ ಸಾಲಿನಲ್ಲೇ ಮಂಚದ ಮೇಲೆ ಜೋಡಿಸಿ. ಹಗಲಿನಲ್ಲಿ, ಕಿಟಕಿ ತೆರೆದು. ಟ್ಯೂಬ್‌ಲೈಟ್ ಬಣ್ಣವನ್ನು ಸುಳ್ಳು ಹೇಳಿಸುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ. ಎಲ್ಲವೂ ಒಂದೇ ಬೂದಿ ಮುದ್ದೆಯಂತೆ ಕಂಡರೆ ಇಬ್ಬರು ತಿಳಿ ಬಣ್ಣಕ್ಕೆ ಬದಲಾಗಲಿ.

ಕಳೆದ ವರ್ಷ ಇಷ್ಟೆಲ್ಲ ಮಾಡಿ ಹಳೇಬೀಡಿಗೆ ಹೊರಟೆವು. ಕಾರು ಹತ್ತುವಾಗ ನೋಡಿದರೆ ಅಜ್ಜಿ ಬೇರೆ ಸೀರೆಯಲ್ಲಿ! ‘ಅದು ಸುಮ್ನೆ ಬೀರುವಿನಲ್ಲೇ ಇರ್ಲಿ, ದಾರೀಲಿ ಕೊಳೆ ಆಗುತ್ತೆ’ ಅಂದರು. ಆದ್ದರಿಂದ ಅವರ ಎರಡು ಸೀರೆ ಕೇಳಿಕೊಂಡು ಲೆಕ್ಕ ಹಾಕಿ.