ಬರೆದ ಫ್ಯಾನ್ ಆರ್ಟ್ ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು

ಸೆಪ್ಟೆಂಬರ್ 18 ಹತ್ತಿರ ಬಂತೆಂದರೆ ಮೈಸೂರಿನಲ್ಲಿ ವಿಷ್ಣುವರ್ಧನ್ ಚಿತ್ರ ಬರೆಯುವ ಕೈಗಳಿಗೆ ಬಿಡುವಿರುವುದಿಲ್ಲ. ಮಾರ್ಚ್ 17ಕ್ಕೆ ಪುನೀತ್. ಜಪಾನಿನ ಕಾರ್ಟೂನ್, ಅಂದರೆ ಅನಿಮೆ ನೋಡುವ ಹುಡುಗ ಹುಡುಗಿಯರಿಗೆ ಅಂಥ ದಿನದ ಹಂಗೂ ಇಲ್ಲ, ವರ್ಷವಿಡೀ ಬರೆಯುತ್ತಾರೆ. ಹೀಗೆ ಅಭಿಮಾನದಿಂದ ಬರೆದ ಚಿತ್ರವೇ ಫ್ಯಾನ್ ಆರ್ಟ್. ಒಂದು ಮುಖಕ್ಕೆ ಹದಿನೈದು ದಿನ ಕೂರುವವರು ಅದನ್ನು ಎಲ್ಲಿ ಹಾಕಬೇಕೆಂದು ಹತ್ತು ನಿಮಿಷವೂ ಯೋಚಿಸುವುದಿಲ್ಲ. ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟರೆ, ಸಂಜೆಯೊಳಗೆ ಅದು ಬರೆದವರ ಹೆಸರಿಲ್ಲದೆ ಇನ್ಯಾವುದೋ ಪೇಜಿನಲ್ಲಿ ಕೂತಿರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಚಿತ್ರ ಯಾರ ಕಣ್ಣಿಗೆ ಬೀಳಬೇಕು? ನಟನ ಅಭಿಮಾನಿಗಳು ನೋಡಲಿ ಅಂತಿದ್ದರೆ ಇನ್‌ಸ್ಟಾಗ್ರಾಮ್, ಜೊತೆಗೆ ಫೇಸ್‌ಬುಕ್ಕಿನ ಅಭಿಮಾನಿ ಗುಂಪು. ಗುಂಪಿಗೆ ಹಾಕುವ ಮುನ್ನ ಅದು ಪಬ್ಲಿಕ್ಕೋ ಪ್ರೈವೇಟೋ ನೋಡಿಕೊಳ್ಳಿ. ಪ್ರೈವೇಟ್ ಆದರೆ ಸದಸ್ಯರಲ್ಲದವರಿಗೆ ಚಿತ್ರ ಕಾಣುವುದೇ ಇಲ್ಲ. ಕೈ ಎಲ್ಲಿ ತಪ್ಪಿದೆ, ನೆರಳು ಎಲ್ಲಿ ಕೆಟ್ಟಿದೆ ಎಂದು ಯಾರಾದರೂ ಹೇಳಲಿ ಅಂತಿದ್ದರೆ ರೆಡ್ಡಿಟ್ಟಿನ ಚಿತ್ರಕಾರರ ಗುಂಪುಗಳು ಒಳ್ಳೆಯದು. ಒಂದೊಂದಕ್ಕೂ ಅದರದೇ ನಿಯಮ ಇರುತ್ತದೆ, ಓದದೆ ಹಾಕಿದರೆ ಪೋಸ್ಟ್ ತೆಗೆದುಹಾಕುತ್ತಾರೆ. ಅನಿಮೆ ಪಾತ್ರಗಳಿಗೆ ಜಪಾನಿನ ಚಿತ್ರಗಳ ತಾಣ ಪಿಕ್ಸಿವ್ ಸರಿಯಾದ ಮನೆ. ಆದರೆ ಪಾತ್ರದ ಹೆಸರನ್ನು ಜಪಾನಿ ಲಿಪಿಯಲ್ಲೇ ಟ್ಯಾಗ್ ಮಾಡಬೇಕು, ಇಲ್ಲದಿದ್ದರೆ ಅಲ್ಲಿನ ಬಹುಪಾಲು ಓದುಗರಿಗೆ ನೀವು ಸಿಗುವುದಿಲ್ಲ. ಹಳೆಯದೆಲ್ಲ ಒಂದೇ ಕಡೆ ಜೋಡಿಸಿಡಲು 2000ದಿಂದಲೂ ನಡೆಯುತ್ತಿರುವ ಡೀವಿಯಂಟ್‌ಆರ್ಟ್ ಎಂಬ ತಾಣ ಇದೆ. ಎಲ್ಲ ಕಡೆಯೂ ಹಾಕಲೇಬೇಕು ಅಂತೇನಿಲ್ಲ. ಎರಡು ಜಾಗ ಚೆನ್ನಾಗಿ ನೋಡಿಕೊಂಡರೆ ಸಾಕು.

ಇನ್ನು ಫೈಲು. ಬಹಳ ಜನ ಎಡವುವುದು ಇಲ್ಲೇ. ಎ4 ಹಾಳೆಯಾದರೆ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ. ಆದರೆ ಬಾಯಿಬಿಟ್ಟು ಹೇಳಬೇಕು: 300 ಡಿಪಿಐ (ಇಂಚಿಗೆ 300 ಚುಕ್ಕೆ), ಕಲರ್ ಫೋಟೊ ಮೋಡ್, ಪಿಡಿಎಫ್ ಬೇಡ, ಜೆಪೆಗ್ ಕೊಡಿ. ಹೇಳದಿದ್ದರೆ ಆಧಾರ್ ಕಾರ್ಡಿಗೆ ಇಟ್ಟ ಸೆಟ್ಟಿಂಗಿನಲ್ಲೇ ನಿಮ್ಮ ಚಿತ್ರವೂ ಹೋಗುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಆ ಸೆಟ್ಟಿಂಗ್ ತಿಳಿಬೂದಿಯನ್ನೆಲ್ಲ ಬಿಳಿ ಮಾಡಿಬಿಡುತ್ತದೆ. ಕೆನ್ನೆಯ ಮೇಲಿನ ಎಚ್‌ಬಿ ಪೆನ್ಸಿಲ್ಲಿನ ಶೇಡಿಂಗ್ ಮಾಯವಾಗಿ ಹುಬ್ಬು, ಮೀಸೆ, ಕಣ್ಣಷ್ಟೇ ಉಳಿಯುತ್ತದೆ. ಸರಿಯಾಗಿ ಬಂದ ಸ್ಕ್ಯಾನ್ ಸುಮಾರು 2480×3508 ಪಿಕ್ಸೆಲ್ ಇರುತ್ತದೆ.

ಅರ್ಧ ಡ್ರಾಯಿಂಗ್ ಶೀಟ್ ಸ್ಕ್ಯಾನರಿನಲ್ಲಿ ಹಿಡಿಸುವುದಿಲ್ಲ, ಫೋಟೊ ತೆಗೆಯಬೇಕು. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ನೇರ ಬಿಸಿಲು ಬೀಳದ ಜಗಲಿ ಅಥವಾ ಕಿಟಕಿ ಬದಿ ಒಳ್ಳೆಯದು. ಟ್ಯೂಬ್‌ಲೈಟ್ ಕೆಳಗೆ, ಫ್ಲ್ಯಾಷ್ ಹಾಕಿ ತೆಗೆದರೆ 6ಬಿ ಪೆನ್ಸಿಲ್ಲಿನ ಗಾಢ ಕಪ್ಪು ಬೆಳಕಿಗೆ ಹೊಳೆದು ಬೂದಿಯಾಗುತ್ತದೆ. ಕೂದಲು ಬರೆದವರಿಗೆ ಇದರ ಸಂಕಟ ಗೊತ್ತು. ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದು ಮೀಟರ್ ದೂರ ನಿಂತು, 2ಎಕ್ಸ್ ಜೂಮ್ ಇಟ್ಟು ತೆಗೆಯಿರಿ. ತೀರ ಹತ್ತಿರ ಹೋದರೆ ಹಾಳೆಯ ಅಂಚು ಬಾಗುತ್ತದೆ. ಮೇಲಿನಿಂದ ಓರೆಯಾಗಿ ತೆಗೆದರೆ ಹಣೆ ಅಗಲ, ಗದ್ದ ಚೂಪು, ಬರೆದ ಹೋಲಿಕೆಯೇ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಬರೆದವರು ಬಣ್ಣದ ಪ್ರೊಫೈಲ್ ನೋಡಿಕೊಳ್ಳಿ. ಮಂಡ್ಯದ ಫ್ಲೆಕ್ಸ್ ಅಂಗಡಿಗೆಂದು ಸಿಎಂವೈಕೆಯಲ್ಲಿ, ಅಂದರೆ ಮುದ್ರಣದ ಬಣ್ಣಗಳಲ್ಲಿ ಮಾಡಿದ ಫೈಲನ್ನು ಹಾಗೇ ನೆಟ್ಟಿಗೆ ಹಾಕಿದರೆ ಬಣ್ಣ ಕೆಡುತ್ತದೆ. ಪರದೆಗೆ ಹೊಂದುವ ಎಸ್‌ಆರ್‌ಜಿಬಿಗೆ ಬದಲಿಸಿ ಎಕ್ಸ್‌ಪೋರ್ಟ್ ಮಾಡಿ.

ದೊಡ್ಡ ಫೈಲು ಮನೆಯಲ್ಲಿರಲಿ, ಚಿಕ್ಕದು ಹೊರಗೆ ಹೋಗಲಿ. ಇದರಲ್ಲಿ ರಾಜಿ ಬೇಡ. ಇನ್‌ಸ್ಟಾಗ್ರಾಮಿಗೆ 1080×1350 ಸಾಕು, ಫೋನಿನಲ್ಲಿ ಚೊಕ್ಕಟವಾಗಿ ಕಾಣುತ್ತದೆ. ಅದನ್ನೇ ಯಾರಾದರೂ ನಾಲ್ಕು ಅಡಿ ಅಗಲದ ಫ್ಲೆಕ್ಸಿಗೆ ಎಳೆದರೆ ಇಂಚಿಗೆ 22 ಪಿಕ್ಸೆಲ್ ಮಾತ್ರ, ಮುಖ ಮಸುಕಾಗುತ್ತದೆ. 3508 ಪಿಕ್ಸೆಲ್ಲಿನ ಫೈಲು ಹೊರಗಿದ್ದರೆ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಿಮ್ಮ ಚಿತ್ರ, ಬೇರೆಯವರ ಹೆಸರು. ವಾಟ್ಸ್ಆ್ಯಪ್ಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದೇ ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಇಟ್ಟು ತೆಗೆದದ್ದಾದರೆ ನಿಮ್ಮ ಮನೆಯ ಜಾಗದ ವಿವರವೂ ಜೊತೆಗೇ ಹೋಗುತ್ತದೆ. ಚಿತ್ರ ಬರೆಯುವ ಮಕ್ಕಳಿರುವ ಮನೆಯವರು ಇದನ್ನು ಖಂಡಿತ ಗಮನಿಸಿ.

ಸಹಿಯನ್ನು ಮೂಲೆಯಲ್ಲಿ ಹಾಕಬೇಡಿ, ಮೂಲೆ ಕತ್ತರಿಸುವುದು ಸುಲಭ. ಅಂಗಿಯ ಕಾಲರ್ ಭುಜಕ್ಕೆ ತಾಗುವ ಮಡಿಕೆ ಇರುತ್ತದಲ್ಲ, ಅಲ್ಲಿ ನೆರಳಿನ ಗೆರೆಯ ಜೊತೆಗೇ ಹರಿಯುವಂತೆ, ಸುತ್ತಲಿನ ಬಣ್ಣಕ್ಕಿಂತ ಸ್ವಲ್ಪವೇ ತಿಳಿಯಾಗಿ ಬರೆಯಿರಿ. ಅದನ್ನು ಕತ್ತರಿಸಬೇಕಾದರೆ ಕುತ್ತಿಗೆಯನ್ನೂ ಕತ್ತರಿಸಬೇಕು. ಮುಖದ ಮೇಲೆ ಅಡ್ಡಡ್ಡ ವಾಟರ್‌ಮಾರ್ಕ್ ಹಾಕಿ ನಿಮ್ಮ ಕೆಲಸವನ್ನು ನೀವೇ ಕೆಡಿಸಿಕೊಳ್ಳಬೇಡಿ.

ಯಾವ ಫೋಟೊ ನೋಡಿ ಬರೆದಿರಿ ಎಂಬುದನ್ನು ಬರೆಯಲೇಬೇಕು. ನಟನ ಮುಖ ಎಲ್ಲರಿಗೂ ಪರಿಚಿತ, ಆದರೆ ಆ ಫೋಟೊದ ಬೆಳಕು, ಕೋನ ಫೋಟೊ ತೆಗೆದವರ ದುಡಿಮೆ. ಒಂದೇ ಫೋಟೊವನ್ನು ಗೆರೆ ಗೆರೆ ಇಳಿಸಿದ್ದಾದರೆ ತೆಗೆದವರ ಒಪ್ಪಿಗೆ ಕೇಳಿ, ಹೆಸರು ಹಾಕಿ. ನಾಲ್ಕೈದು ಫೋಟೊ ಮುಂದಿಟ್ಟುಕೊಂಡು ಒಂದರಿಂದ ಮುಖದ ತಿರುವು, ಇನ್ನೊಂದರಿಂದ ಕಣ್ಣು, ಬೆಳಕು ಮಾತ್ರ ನಿಮ್ಮದೇ ಎಂಬಂತೆ ಬರೆದರೆ ಚಿತ್ರ ನಿಜವಾಗಿ ನಿಮ್ಮದಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆ, ವಿಮರ್ಶೆ ಇವಕ್ಕೆ ವಿನಾಯಿತಿ ಕೊಡುತ್ತದೆ. ಫ್ಯಾನ್ ಆರ್ಟ್ ಎಂಬ ಹೆಸರು ಅಲ್ಲಿಲ್ಲ. ಸಿನಿಮಾ, ಕಾರ್ಟೂನ್ ಪಾತ್ರ ಬರೆದು ಹಾಕುವವರು ಇದನ್ನು ತಿಳಿದೇ ಹಾಕಬೇಕು. ಅಂಥ ತೊಡಕೇ ಬೇಡ ಎನ್ನುವವರಿಗೆ ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳಿವೆ. ಅವರು ತೀರಿಕೊಂಡದ್ದು 1906ರಲ್ಲಿ. ಕಲಾವಿದ ತೀರಿಕೊಂಡ ನಂತರದ 60 ವರ್ಷದ ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ.

ಮಾರುವುದು ಬೇರೆ ಮಾತು. ಪಾತ್ರದ ಸ್ಟಿಕ್ಕರ್, ಟೀಶರ್ಟ್ ಮಾಡಿಸಿ ಮಾರಿದರೆ ಹಕ್ಕುದಾರರು ತಕರಾರು ತೆಗೆಯುವ ಸಂಭವ ಹೆಚ್ಚು. ಅನುಮತಿ ಇಲ್ಲದೆ ಕೈಹಾಕಬೇಡಿ.

ಹುಟ್ಟುಹಬ್ಬದ ದಿನವೇ ಹಾಕಬೇಕೆಂಬ ಆಸೆ ಎಲ್ಲರಿಗೂ. ಆವತ್ತು ಸಾವಿರಾರು ಚಿತ್ರಗಳ ನಡುವೆ ನಿಮ್ಮದು ಮುಳುಗುತ್ತದೆ. ಹಿಂದಿನ ದಿನ ಸಂಜೆಯೇ ಹಾಕುವುದು ಮೇಲು. ಕ್ಯಾಪ್ಶನ್ ಕನ್ನಡದಲ್ಲಿ ಎರಡು ಸಾಲು: ಯಾರು, ಯಾವ ಮಾಧ್ಯಮ, ಎಷ್ಟು ಗಂಟೆ, ಯಾವ ಫೋಟೊ. ಹ್ಯಾಶ್‌ಟ್ಯಾಗ್ ಮೂರರಿಂದ ಐದು ಸಾಕು. ಪದಗಳ ನಡುವೆ ಜಾಗ ಬಿಟ್ಟರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವ ಆಲ್ಟ್ ಟೆಕ್ಸ್ಟಿನಲ್ಲಿ ಒಂದು ಸಾಲಿನ ವರ್ಣನೆಯನ್ನೂ ಸೇರಿಸಿ.

ಇಷ್ಟು ಮಾಡಿಯೂ ಯಾರೋ ಎತ್ತಿಕೊಂಡರೆ ಕಾಮೆಂಟಿನಲ್ಲಿ ಜಗಳಕ್ಕೆ ಹೋಗಬೇಡಿ. ಜಗಳ ಕಂಡರೆ ಅವರು ಪೋಸ್ಟ್ ಅಳಿಸಿ, ನಾಳೆ ಮತ್ತೆ ಹಾಕುತ್ತಾರೆ. ಮೊದಲು ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್, ಪೋಸ್ಟಿನ ಲಿಂಕ್ ತೆಗೆದಿಡಿ. ಆಮೇಲೆ ಮೆಸೇಜಿನಲ್ಲಿ ಹೆಸರು ಹಾಕಿ ಎಂದು ಮರ್ಯಾದೆಯಿಂದ ಕೇಳಿ. ಬಹಳ ಪೇಜಿನವರು ಹಾಕುತ್ತಾರೆ. ಎರಡು ದಿನ ಕಾದರೂ ಆಗದಿದ್ದರೆ ಆ ತಾಣದ ಕಾಪಿರೈಟ್ ದೂರಿನ ಫಾರಂ ತುಂಬಿ, ಬರೆದವರೇ ತುಂಬಬೇಕು, ಗೆಳೆಯರು ಹತ್ತು ಸಲ ರಿಪೋರ್ಟ್ ಒತ್ತಿದರೆ ಪ್ರಯೋಜನವಿಲ್ಲ. ನಮ್ಮ 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದ ಪ್ರಕಾರ ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ತಾಣ ಕ್ರಮ ಕೈಗೊಳ್ಳಬೇಕು; 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ತಾಣ ಆ ಪೋಸ್ಟನ್ನು ಮತ್ತೆ ತೆರೆಯಬಹುದು. ಚಿತ್ರ ನಿಮ್ಮದೇ ಎಂದು ತೋರಿಸಲು ಆಗ ಕೈಗೆ ಬರುವುದು ಮನೆಯಲ್ಲಿಟ್ಟ ದೊಡ್ಡ ಸ್ಕ್ಯಾನ್, ಲೇಯರ್ ಇರುವ ಫೈಲು, ಅರ್ಧ ಬರೆದಾಗ ತೆಗೆದ ಮೂರ್ನಾಲ್ಕು ಫೋಟೊ. ಹಾಗಾಗಿ ಮುಂದಿನ ಚಿತ್ರ ಶುರು ಮಾಡುವಾಗ ಮೊದಲ ಗೆರೆಗಳಿದ್ದಾಗಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.