ಟರ್ಪೀನ್ ಪಟ್ಟಿಯನ್ನು ನಾನು ಓದುವ ರೀತಿ

ವೈದ್ಯರು ಬರೆದುಕೊಟ್ಟ ಗಾಂಜಾ ಹೂವನ್ನು ಕಾನೂನಿನ ಚೌಕಟ್ಟಿನಲ್ಲೇ ಬಳಸುವವನು ನಾನು. ಡಬ್ಬಿ ಕೈಗೆ ಬಂದಾಗ ಮೊದಲು ನೋಡುವುದು ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲು ತರುವ ಮುಖ್ಯ ಅಂಶ, ಎಷ್ಟಿದೆ ಅಂತ. ಅದು ಮುಖ್ಯವೇ. ಆದರೆ ಜಾಸ್ತಿ ಹೊತ್ತು ನಿಲ್ಲುವುದು ಕೆಳಗಿನ ಟರ್ಪೀನ್ ಪಟ್ಟಿಯಲ್ಲಿ.

ಗಿಡಕ್ಕೆ ಘಮ ಕೊಡುವ ಅಂಶಗಳೇ ಟರ್ಪೀನ್‌ಗಳು. ಇವು ಗಾಂಜಾದಲ್ಲಿ ಮಾತ್ರ ಇರುವುದಿಲ್ಲ. ಲಿಮೊನೀನ್ ಕಿತ್ತಳೆ ಸಿಪ್ಪೆಯಲ್ಲಿದೆ, ಪೈನೀನ್ ಪೈನ್ ಮರದಲ್ಲಿ, ಲಿನಲೂಲ್ ಲ್ಯಾವೆಂಡರ್‌ನಲ್ಲಿ. ಹೆಸರುಗಳನ್ನು ಬಾಯಿಪಾಠ ಮಾಡದೆ ನಾನು ಮೂಸಿಯೇ ಕಲಿತೆ. ಕಾಳುಮೆಣಸನ್ನು ಜಜ್ಜಿ ಮೂಸಿ, ಆಮೇಲೆ ಕ್ಯಾರಿಯೋಫಿಲೀನ್ ಹೆಚ್ಚಿರುವ ಹೂವಿನ ಡಬ್ಬಿ ತೆರೆದು ನೋಡಿ. ಅದೇ ಖಾರದ ಘಾಟು ಸಿಗುತ್ತದೆ.

ಇನ್ನು ಅಂಕಿಗಳು. ಕೆಲವರು ಶೇಕಡಾದಲ್ಲಿ ಬರೆಯುತ್ತಾರೆ, ಕೆಲವರು ಒಂದು ಗ್ರಾಂಗೆ ಇಷ್ಟು ಮಿಲಿಗ್ರಾಂ ಅಂತ. ಗ್ರಾಂಗೆ 10 ಮಿಲಿಗ್ರಾಂ ಅಂದರೆ ಶೇ. 1. ಒಣ ಹೂವಿನಲ್ಲಿ ಎಲ್ಲ ಟರ್ಪೀನ್ ಸೇರಿ ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ಇರುತ್ತದೆ.

ಈ ಲೆಕ್ಕ ಯಾಕೆ ಬೇಕು ಅಂದರೆ, ಲೇಬಲ್‌ಗಳು ಲಿಮೊನೀನ್ ಇದ್ದರೆ ಉಲ್ಲಾಸ, ಮಿರ್ಸೀನ್ ಇದ್ದರೆ ನಿದ್ದೆ ಅಂತ ಸುಲಭವಾಗಿ ಹೇಳಿಬಿಡುತ್ತವೆ. 2024ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಟಿಎಚ್‌ಸಿಯಿಂದ ಬರುವ ಆತಂಕವನ್ನು 15 ಮಿಲಿಗ್ರಾಂ ಲಿಮೊನೀನ್ ಕಡಿಮೆ ಮಾಡಿತ್ತು. ಒಳ್ಳೆಯ ಸುದ್ದಿಯೇ. ಆದರೆ ಶೇ. 0.5 ಲಿಮೊನೀನ್ ಇರುವ ಹೂವಿನಲ್ಲಿ ಅಷ್ಟು ಸಿಗಬೇಕಾದರೆ 3 ಗ್ರಾಂ ಹೂವು ಬೇಕು! ಒಂದು ಸಲಕ್ಕೆ ಅಷ್ಟು ಯಾರು ತಾನೇ ಬಳಸುತ್ತಾರೆ? ಹಾಗಾಗಿ ಪರಿಣಾಮದ ಮಾತನ್ನು ನಾನು ಪಕ್ಕಕ್ಕಿಡುತ್ತೇನೆ. ಗಾಂಜಾ ತಳಿಗಳಿಗೆ ಅಂಟಿಸುವ ಇಂಡಿಕಾ, ಸಟೈವಾ ಅನ್ನುವ ಹಣೆಪಟ್ಟಿಗಿಂತ ಟರ್ಪೀನ್ ಪಟ್ಟಿಯನ್ನು ಖಂಡಿತ ಹೆಚ್ಚು ನಂಬುತ್ತೇನೆ, ಆದರೆ ಘಮ ಮತ್ತು ರುಚಿಯ ಮಟ್ಟಿಗೆ. ನನಗೆ ಹಿಡಿಸಿದ ಹೂವಿನ ಮೊದಲ ಮೂರು ಟರ್ಪೀನ್‌ಗಳನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅದೇ ಜೋಡಣೆಯನ್ನು ಹುಡುಕುತ್ತೇನೆ.

ತಾರೀಖನ್ನೂ ನೋಡಲೇಬೇಕು. ಮಿರ್ಸೀನ್, ಪೈನೀನ್‌ನಂಥ ಹಗುರ ಟರ್ಪೀನ್‌ಗಳು ಬೇಗ ಆರಿಹೋಗುತ್ತವೆ. ಬಿಸಿಲು, ಗಾಳಿ ತಾಗಿದರೆ ಇನ್ನೂ ಬೇಗ. ಪರೀಕ್ಷೆಯಾಗಿ ತಿಂಗಳುಗಟ್ಟಲೆ ಕಳೆದಿದ್ದರೆ ಪಟ್ಟಿಯಲ್ಲಿರುವಷ್ಟು ಡಬ್ಬಿಯಲ್ಲಿ ಉಳಿದಿರುವುದಿಲ್ಲ.

ಹೂವಿನ ಬದಲು ವೇಪ್ ಕಾರ್ಟ್ರಿಡ್ಜ್ (ಕಾಯಿಸಿ ಆವಿ ಸೇದಲು ಗಾಂಜಾ ಸಾರ ತುಂಬಿದ ಕೊಳವೆ) ಆದರೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಟರ್ಪೀನ್ ಗಾಂಜಾದಿಂದಲೇ ಬಂದದ್ದೋ, ಬೇರೆ ಗಿಡದಿಂದ ತೆಗೆದು ಬೆರೆಸಿದ್ದೋ? ಲ್ಯಾಬ್ ವರದಿಯನ್ನೂ ಕೇಳಿ ಪಡೆಯುತ್ತೇನೆ. ಅದರ ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ ಆ ಅಂಕಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.