ಮನೇಲೇ ಕೂತು ಅಂಡಮಾನ್ ಜ್ವಾಲಾಮುಖಿ ಇಣುಕಿ ನೋಡೋದು ಹೇಗೆ?

ಭಾರತದಲ್ಲಿ ಇನ್ನೂ ಜೀವಂತ ಇರೋ ಜ್ವಾಲಾಮುಖಿ ಅಂದ್ರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಒಂದೇ, ಪೋರ್ಟ್ ಬ್ಲೇರಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಸುಮಾರು 140 ಕಿ.ಮೀ. ದೂರ, ಜನವಸತಿ ಇಲ್ಲ. 19ನೇ ಶತಮಾನದಲ್ಲಿ ತಣ್ಣಗಾದದ್ದು 1991ರಲ್ಲಿ ಮತ್ತೆ ಎದ್ದು ಕೂತಿದೆ, ಆವಾಗಿಂದ ಆಗಾಗ ಉಗುಳ್ತಾನೇ ಇದೆ. ಮೇಲಿಂದ ನೋಡೋಕೆ ದುಡ್ಡೂ ಬೇಡ, ದೋಣಿನೂ ಬೇಡ.

ಮೊದ್ಲು ಕಂಪ್ಯೂಟರಲ್ಲಿ ಯುರೋಪಿನ ಉಪಗ್ರಹಗಳು ತೆಗೆದ ಚಿತ್ರ ತೋರಿಸೋ ಕೋಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟ್ ತೆಗೀರಿ (ಮೊಬೈಲಲ್ಲಿ ಕಣ್ಣು ನೋವು). ಸರ್ಚಲ್ಲಿ 12.28, 93.86 ಅಂತ ಹಾಕಿ (ದ್ವೀಪದ ಅಕ್ಷಾಂಶ, ರೇಖಾಂಶ). ಸೆಂಟಿನೆಲ್-2 ಅನ್ನೋ ಉಪಗ್ರಹ ಆರಿಸ್ಕೊಂಡು ಮೋಡದ ಲಿಮಿಟ್ಟನ್ನ 30 ಪರ್ಸೆಂಟ್‌ಗೆ ಇಳಿಸಿ. ಮಳೆಗಾಲದ ಡೇಟ್ ಹಾಕಿದ್ರೆ ಹತ್ತಿ ಹಿಂಜಿದ ಹಾಗೆ ಬರೀ ಬಿಳಿ ಕಾಣತ್ತೆ, ಜನವರಿಯಿಂದ ಏಪ್ರಿಲ್ ಒಳಗಿನ ದಿನ ನೋಡಿ.

ಟ್ರೂ ಕಲರ್ (ಕಣ್ಣಿಗೆ ಕಾಣೋ ಬಣ್ಣವೇ) ಒತ್ತಿದ್ರೆ ಸುಮಾರು 3 ಕಿ.ಮೀ. ಅಗಲದ ದುಂಡು ದ್ವೀಪ, ನಡುವೆ ಕಪ್ಪು ಗುಡ್ಡ, ಪಶ್ಚಿಮಕ್ಕೆ ಗೋಡೆ ಒಡೆದು ಸಮುದ್ರದ ತನಕ ಹರಿದಿರೋ ಲಾವಾ ಕಾಣತ್ತೆ. ಚಂದ ಇದೆ, ಆದ್ರೆ ಬಿಸಿ ಎಲ್ಲಿದೆ ಅಂತ ಇದ್ರಲ್ಲಿ ಗೊತ್ತಾಗಲ್ಲ.

ಅದಕ್ಕೆ ಶಾರ್ಟ್‌ವೇವ್ ಇನ್‌ಫ್ರಾರೆಡ್ ಲೇಯರ್‌ಗೆ ಬದಲಿಸಿ, ಇದೇ ಅಸಲಿ ಆಟ. ಕುಲುಮೆಯಲ್ಲಿ ಕಬ್ಬಿಣ ಕಾದ ಹಾಗೆಲ್ಲ ಕೆಂಪಾಗಿ ಆಮೇಲೆ ಹಳದಿ ಆಗತ್ತಲ್ಲ, ಬಿಸಿ ಏರಿದಷ್ಟೂ ಅದು ಸೂಸೋ ಬೆಳಕಿನ ತರಂಗ ಗಿಡ್ಡ ಆಗ್ತಾ ಹೋಗತ್ತೆ, 1000 ಡಿಗ್ರಿ ಸೆಲ್ಸಿಯಸ್ ಲಾವಾ ಅತಿ ಜೋರಾಗಿ ಸೂಸೋದು ಸುಮಾರು 2.3 ಮೈಕ್ರಾನ್‌ನಲ್ಲಿ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ನಮ್ಮ ಕಣ್ಣಿಗೆ ಅದು ಕಾಣಲ್ಲ ಆದ್ರೆ ಸೆಂಟಿನೆಲ್‌ನ 12ನೇ ಬ್ಯಾಂಡ್ (ಅದು ಹಿಡಿಯೋ ಬೆಳಕಿನ ಪಟ್ಟಿಗಳಲ್ಲಿ ಒಂದು) ನೋಡೋದು 2.2ರ ಹತ್ರಾನೇ! ಜ್ವಾಲಾಮುಖಿಯ ಬಾಯಿಯಲ್ಲಿ ಲಾವಾ ಇದ್ರೆ ಕೆಂಪು-ಕಿತ್ತಳೆ ಚುಕ್ಕೆ ಹೊಳೆಯತ್ತೆ. ತೆಳು ಹೊಗೆ ಇದ್ರೂ ತೂರ್ಕೊಂಡು ಕಾಣತ್ತೆ.

ಚುಕ್ಕೆ ಇಲ್ಲ ಅಂದ್ರೆ ಮಲಗಿದೆ ಅಂತ ತಿಳೀಬೇಡಿ. ಈ ಉಪಗ್ರಹ ಬರೋದೇ ಸುಮಾರು 5 ದಿನಕ್ಕೊಮ್ಮೆ, ಅದೂ ಬೆಳಗ್ಗೆ ಹತ್ತೂವರೆ ಆಸುಪಾಸು, ಆವಾಗ ಒಂದು ಮೋಡ ಅಡ್ಡ ಬಂದ್ರೆ ಮುಗೀತು. ನಾಸಾದ ಫರ್ಮ್ಸ್ ಮ್ಯಾಪ್ ಪಕ್ಕದಲ್ಲಿ ಇಟ್ಕೊಳ್ಳಿ. ಅದು ಕಾಡ್ಗಿಚ್ಚು ಹುಡುಕೋಕೆ ಮಾಡಿದ್ದು, ಒಂದು ಚುಕ್ಕೆ ಅಂದ್ರೆ ಹೆಚ್ಚಾಗಿ ಸುಮಾರು 375 ಮೀಟರ್ ಅಗಲದ ಜಾಗ, ರಾತ್ರಿನೂ ನೋಡತ್ತೆ. ಚುಕ್ಕೆ ದ್ವೀಪದ ಪಕ್ಕ ನೀರಲ್ಲಿ ಕಂಡ್ರೆ ಗಾಬರಿ ಬೇಡ, ಅಷ್ಟು ದಪ್ಪ ಪಿಕ್ಸೆಲ್‌ಗೆ ಸ್ವಲ್ಪ ಆಚೀಚೆ ಆಗತ್ತೆ.

ಹೊಗೆನೋ ಮೋಡನೋ ಅನ್ನೋದೇ ಎಲ್ರಿಗೂ ಬರೋ ಡೌಟು. ಹೊಗೆ ಅಂದ್ರೆ ಗುಡ್ಡದ ತುದಿಯ ಒಂದೇ ಜಾಗದಿಂದ ಹೊರಟು ಗಾಳಿ ಹೋದ ಕಡೆಗೆ ಅಗಲ ಆಗ್ತಾ ಹೋಗತ್ತೆ. ಮೋಡಕ್ಕೆ ಅಂಥ ಬುಡ ಇರಲ್ಲ. ಆದ್ರೂ ಅನುಮಾನ ಇದ್ರೆ ಹಿಂದಿನ ನಾಲ್ಕೈದು ಡೇಟ್ ತೆಗೆದು ನೋಡಿ, ಬುಡ ಅಲ್ಲೇ ಇರತ್ತೆ, ಬಾಲ ಮಾತ್ರ ದಿಕ್ಕು ಬದಲಿಸಿರತ್ತೆ.